ಕಾಫಿ ಬದಲು ಕಷಾಯ: ನೀವು ಹೇಗೆ ಮಾಡ್ತೀರಿ?

ಪ್ರಶ್ನೆ: ಕಾಫಿ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಬಾಲ್ಕನಿ ಕುಂಡಗಳಲ್ಲಿ ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಇವೆ. ಶುಂಠಿ ಜಜ್ಜಿ, ಎಲ್ಲಾ ಸೇರಿಸಿ ಹತ್ತು ನಿಮಿಷ ಕುದಿಸಿದ್ರೆ ಸೊಪ್ಪು ಬೇಯಿಸಿದ ವಾಸನೆ. ಬೇಗ ಆಗ್ಲಿ ಅಂತ ಹಾಲಲ್ಲೇ ಹಾಕಿದ್ರೆ ಒಡೆದುಹೋಗುತ್ತೆ. ಕುಡಿಯೋಳು ನಾನೊಬ್ಬಳೇ. ಅನುಭವ ಇರೋರು ಹೇಳಿ.

ಸಾಗರದಿಂದ: ಎಲ್ಲಾನೂ ಒಟ್ಟಿಗೆ ಕುದಿಸೋದೇ ತೊಂದರೆ ಅಕ್ಕಾ. ಬೇರು, ಬೀಜ, ತೊಗಟೆ ಕುದೀಬೇಕು. ಎಲೆಗೆ ಅಷ್ಟು ಕುದಿ ಬೇಡ. ತುಳಸಿ, ಮಜ್ಜಿಗೆಹುಲ್ಲಿನ ಘಮ ಅದರೊಳಗಿನ ಎಣ್ಣೆದು, ಆವಿ ಜೊತೆ ಹೊರಟುಹೋಗುತ್ತೆ. ಅಡುಗೆಮನೆಯೆಲ್ಲ ಘಂ ಅಂತಿದ್ರೆ ಲೋಟಕ್ಕೆ ಹೆಚ್ಚೇನೂ ಉಳಿದಿಲ್ಲ ಅಂತಲೇ ತಿಳ್ಕೊಳ್ಳಿ.

ಎರಡು ಲೋಟ ನೀರಿಗೆ ಬೆರಳಿನ ಗೆಣ್ಣಿನಷ್ಟು ಶುಂಠಿ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ, ಒಂದೂವರೆ ಲೋಟಕ್ಕೆ ಇಳಿಯೋವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಒಲೆ ಆರಿಸಿದ ಮೇಲೆ ಮಜ್ಜಿಗೆಹುಲ್ಲಿನ ಎರಡು ಗರಿ ಗಂಟು ಹಾಕಿ, ಏಳೆಂಟು ತುಳಸಿ ಎಲೆ ಜೊತೆ ಮುಳುಗಿಸಿ, ತಟ್ಟೆ ಮುಚ್ಚಿ 5 ನಿಮಿಷ ಬಿಡಿ. ತಟ್ಟೆಯ ಒಳಮೈಗೆ ಹನಿ ಕಟ್ಟಿರುತ್ತಲ್ಲ, ಅದನ್ನೂ ಪಾತ್ರೆಗೇ ಬಗ್ಗಿಸಿ, ಘಮ ಅದರಲ್ಲೂ ಇದೆ. ದೊಡ್ಡಪತ್ರೆ ಮಾತ್ರ ಸೇರಿಸಬೇಡಿ. ಅದು ಬಂತು ಅಂದ್ರೆ ಬೇರೆ ಯಾವ ಪರಿಮಳವೂ ಏಳಲ್ಲ. ತಂಬುಳಿಗೆ ಇಟ್ಕೊಳ್ಳಿ.

ಶಿರಸಿಯಿಂದ: ಹಾಲು ಒಡೆಯೋದು ಹಸಿ ಶುಂಠಿಯಿಂದ. ಹಾಲಿನ ಪ್ರೋಟೀನ್ ಒಡೆಯೋ ಕಿಣ್ವ ಅದರಲ್ಲಿದೆ. ಮೊದಲು ನೀರಲ್ಲಿ ಚೆನ್ನಾಗಿ ಕುದಿಸಿದ್ರೆ ಅದರ ಆಟ ನಡೆಯಲ್ಲ. ಬೆಲ್ಲ ಹಾಕೋದಾದ್ರೆ ಹಾಲು ಕೊನೆಗೆ ಬೆರೆಸಿ, ಆಮೇಲೆ ಮತ್ತೆ ಕುದಿಸಬೇಡಿ. ನನ್ನ ಕೇಳಿದ್ರೆ ತುಳಸಿಗೆ ಹಾಲೇ ಬೇಡ. ಹಾಲು ಬೇಕೇ ಬೇಕು ಅಂದ್ರೆ ಕಷಾಯದ ಪುಡಿ ಮಾಡಿಟ್ಕೊಳ್ಳಿ: 1 ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, 2 ಚಮಚ ಕಾಳುಮೆಣಸು, 1 ಚಮಚ ಮೆಂತ್ಯ, ನಾಲ್ಕು ಏಲಕ್ಕಿ, ಒಂದು ತುಂಡು ಒಣಶುಂಠಿ. ಬೇರೆಬೇರೆ ಹುರೀಬೇಕು. ಮೆಂತ್ಯ ಕೆಂಪಾದ ಕೂಡಲೇ ಇಳಿಸಿ, ಕಪ್ಪಾದ್ರೆ ಡಬ್ಬಿಪೂರ್ತಿ ಕಹಿ. ಬಿಸಿ ಆರಿದ ಮೇಲೇ ಪುಡಿ ಮಾಡಿ. ಲೋಟಕ್ಕೆ ಒಂದು ಚಮಚ ಸಾಕು.

ಮೈಸೂರಿಂದ: ಒಣಗಿಸಿದ ಶಂಖಪುಷ್ಪ ಬಿಸಿನೀರಿಗೆ ಹಾಕಿ, ನಿಂಬೆ ಹಿಂಡಿದ್ರೆ ನೀಲಿ ಹೋಗಿ ನೇರಳೆ ಆಗುತ್ತೆ. ಮಕ್ಕಳಿಗೆ ಖುಷಿ. ರುಚಿ ಅಂತ ಏನಿಲ್ಲ.

ಪುತ್ತೂರಿನಿಂದ: ಮೊದಲು ಒಂದು ಮಾತು. ಕಾಫಿ ಬೇಡ ಅಂದಿದ್ದು ಬಿಪಿಗೋ? ಹಾಗಿದ್ರೆ ಅಂಗಡಿಯ ಕಷಾಯ ಪುಡಿ ಪ್ಯಾಕೆಟ್ಟಿನ ಹಿಂಬದಿ ಓದಿ. ಸಿಹಿ ಬರಲಿ ಅಂತ ಜೇಷ್ಠಮಧು ಹಾಕಿರ್ತಾರೆ, ದಿನಾ ಕುಡಿದ್ರೆ ಅದು ಬಿಪಿ ಏರಿಸುತ್ತೆ. ಇನ್ನೊಂದು, ಯಾರೋ ವಿಡಿಯೋದಲ್ಲಿ ತೋರಿಸಿದ್ರು ಅಂತ ಗೊತ್ತಿಲ್ಲದ ತೊಗಟೆ, ಬಳ್ಳಿ ತಂದು ಕುದಿಸಬೇಡಿ. ನಮ್ಮಲ್ಲಿ ಆಟಿ (ತುಳು ತಿಂಗಳು) ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ, ಅಂದ್ರೆ ತೊಗಟೆಯ ಕಷಾಯ ಕುಡಿಯೋದುಂಟು, ಅದೂ ವರ್ಷಕ್ಕೊಂದು ಸಲ, ಮರ ಗುರುತಿರೋರು ತಂದ್ರೆ ಮಾತ್ರ.

ಕೇಳಿದವರು: ಬಿಪಿ ಅಲ್ಲ, ಆಸಿಡಿಟಿ. ನಿನ್ನೆ ತಟ್ಟೆ ಮುಚ್ಚಿ ಮಾಡಿದೆ, ಸೊಪ್ಪಿನ ವಾಸನೆ ಇಲ್ಲ. ಆದ್ರೆ ಎದೆ ಸ್ವಲ್ಪ ಉರೀತು.

ಸಾಗರದಿಂದ: ಆಸಿಡಿಟಿ ಅಂತ ಮೊದಲೇ ಹೇಳಬಾರದಿತ್ತಾ! ಕಾಳುಮೆಣಸು ಪೂರ್ತಿ ಬಿಡಿ, ಶುಂಠಿ ಒಂದು ತೆಳು ಬಿಲ್ಲೆ ಸಾಕು. ಅದರ ಬದಲು ಅರ್ಧ ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಬೀಜ ಕುದಿಸಿ. ಖಾಲಿ ಹೊಟ್ಟೆಗೆ ಬೇಡ, ತಿಂಡಿ ಆದ್ಮೇಲೆ ಕುಡೀರಿ. ಆಗಲೂ ಉರಿದ್ರೆ ಬಿಟ್ಟುಬಿಡಿ, ಡಾಕ್ಟರನ್ನೇ ಕೇಳಿ.