ದೊಡ್ಡಪ್ಪನ ರೇಡಿಯೊಗ್ರಾಂಗೆ ಈಗಲೇ ಕರೆಂಟು ಕೊಡಬೇಡ

ಸುಮಂತ, “ಕಾರ್ಕಳದ ಹಳೆಯ ಮನೆಯನ್ನು ಖಾಲಿ ಮಾಡುವಾಗ ಸಿಕ್ಕಿದ ದೊಡ್ಡಪ್ಪನ ಜರ್ಮನ್ ರೇಡಿಯೊಗ್ರಾಂ, ಅಂದರೆ ರೇಡಿಯೊ, ಗ್ರಾಮಫೋನು ಎರಡೂ ಇರುವ ಆ ಮರದ ಪೆಟ್ಟಿಗೆಯನ್ನು ಉಡುಪಿಯ ಮನೆಗೆ ತಂದಿಟ್ಟಿದ್ದೇನೆ, ರಿಪೇರಿ ಕೆಲಸವೇನೂ ಗೊತ್ತಿಲ್ಲದಿದ್ದರೂ ನಾನೇ ಕೈ ಹಾಕಬೇಕೆಂದಿದ್ದೇನೆ, ಒಮ್ಮೆ ಪ್ಲಗ್ ಹಾಕಿ ನೋಡಲೇ” ಎಂದು ಗುಂಪಿನಲ್ಲಿ ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಉದ್ದವಾಗುವುದರಿಂದ ಟೈಪು ಮಾಡದೆ ಬಾಯಲ್ಲೇ ಹೇಳುತ್ತಿದ್ದೇನೆ. ಪ್ಲಗ್ ಹಾಕಬೇಡ. ಯಾರು ಎಷ್ಟು ಒತ್ತಾಯಿಸಿದರೂ ಹಾಕಬೇಡ.

ಕಾರಣ ಹೇಳುತ್ತೇನೆ. ಕಂಡೆನ್ಸರ್ ಎಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ, ಕೆಪಾಸಿಟರ್. ಅದರೊಳಗಿರುವ ಎಲೆಕ್ಟ್ರೊಲಿಟಿಕ್ ಎಂಬ ಬಗೆಯ ಕಂಡೆನ್ಸರ್‌ಗಳು ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದಾಗ ಅವುಗಳ ಒಳಗಿನ ತೆಳುವಾದ ಆಕ್ಸೈಡ್ ಪದರ ಹಾಳಾಗಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜು ಬಿದ್ದರೆ ಅವು ಬಿಸಿಯಾಗಿ ಒಡೆಯಬಹುದು, ಜೊತೆಗೆ ಮನೆಯ ಕರೆಂಟನ್ನು ಸೆಟ್ಟಿಗೆ ಬೇಕಾದ ವೋಲ್ಟೇಜಿಗೆ ಬದಲಾಯಿಸುವ ಪವರ್ ಟ್ರಾನ್ಸ್‌ಫಾರ್ಮರನ್ನೂ ಕೊಂಡೊಯ್ಯಬಹುದು. ಮೇಣ ಹಚ್ಚಿದ ಕಾಗದದ ಕಂಡೆನ್ಸರ್‌ಗಳದ್ದು ಇನ್ನೊಂದು ಕಥೆ. ಅವು ನಮ್ಮ ಕರಾವಳಿಯ ತೇವವನ್ನು ಹೀರಿಕೊಂಡು ಒಳಗಿಂದೊಳಗೆ ಕರೆಂಟನ್ನು ಸೋರಬಿಡುತ್ತವೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀನು ಕಳಿಸಿದ ಫೋಟೊದಲ್ಲಿ ಇಎಲ್84 ಎಂದು ಬರೆದಿರುವ ಎರಡು ವಾಲ್ವ್‌ಗಳು, ಅಂದರೆ ಗಾಜಿನ ಕೊಳವೆಗಳು ಇವೆಯಲ್ಲ, ಅವುಗಳೊಳಗೆ ಕರೆಂಟಿನ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ಹೋಗುವ ಒಂದೊಂದು ಸಣ್ಣ ಕಂಡೆನ್ಸರ್ ಸೋರಿದರೂ ಸಾಕು, ಋಣವಾಗಿರಬೇಕಾದ ಗ್ರಿಡ್ಡಿಗೆ ಧನ ವೋಲ್ಟೇಜು ತಗಲಿ, ವಾಲ್ವ್ ಮಿತಿಮೀರಿ ಕರೆಂಟು ಎಳೆದು, ಕೊನೆಗೆ ವಾಲ್ವ್‌ಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಇಎಲ್84 ಇಂದಿಗೂ ಹೊಸದಾಗಿ ತಯಾರಾಗುತ್ತದೆ, ಏಕೆಂದರೆ ಗಿಟಾರ್ ಆಂಪ್ಲಿಫೈಯರುಗಳಿಗೆ ಅದು ಬೇಕು; ಆ ಟ್ರಾನ್ಸ್‌ಫಾರ್ಮರನ್ನು ಮಾತ್ರ ಎಲ್ಲಿಂದ ತರುತ್ತೀ?

ಗುಂಪಿನಲ್ಲಿ ಗಣೇಶಣ್ಣ ಹೇಳಿದ್ದನ್ನೂ ಕೇಳಿಸಿಕೊಂಡೆ. ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡು ಕೂರಿಸಿದರೆ ಒಂದೇ ದಿನದಲ್ಲಿ ಹಾಡುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಅಣ್ಣ, ನಿಮ್ಮ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಹಾಗೆ ಮಾಡಿದರೆ ಉಳಿಯುವುದು ಒಂದು ಮರದ ಪೆಟ್ಟಿಗೆ ಮಾತ್ರ. ಮೊಬೈಲಿನ ಹಾಡು ಕೇಳಬೇಕೆಂದಿದ್ದರೆ ಅಂಥ ಜರ್ಮನ್ ಸೆಟ್ಟುಗಳ ಹಿಂಭಾಗದಲ್ಲಿ ಟೇಪ್ ರೆಕಾರ್ಡರ್ ಜೋಡಿಸಲೆಂದೇ ದುಂಡಗಿನ ಸಾಕೆಟ್ಟು ಇರುತ್ತದೆ. ಅದಕ್ಕೆ ಹೊಂದುವ ವಯರು ತಂದರೆ ಒಂದು ಸ್ಕ್ರೂವನ್ನೂ ಬಿಚ್ಚದೆ ಕೆಲಸವಾಗುತ್ತದೆ. ಅದೂ ಸೆಟ್ಟು ಸರಿಯಾದ ಮೇಲೆ, ಅದರಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇದೆಯೆಂದು ಖಚಿತಪಡಿಸಿಕೊಂಡ ಮೇಲೆ.

ಇದನ್ನು ತಿಳಿಯಲು ವಾಲ್ವ್‌ಗಳ ಹೆಸರಿನ ಮೊದಲ ಅಕ್ಷರ ನೆರವಾಗುತ್ತದೆ. ಇ ಎಂದು ಶುರುವಾದರೆ ಅದರ ಹೀಟರು, ಅಂದರೆ ವಾಲ್ವನ್ನು ಒಳಗಿನಿಂದ ಬಿಸಿಮಾಡುವ ತಂತಿ, 6.3 ವೋಲ್ಟಿನದ್ದು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯು ಎಂದು ಶುರುವಾದರೆ ಹೀಟರುಗಳೆಲ್ಲ ಒಂದರ ಹಿಂದೊಂದು ಸಾಲಾಗಿ ನೇರ ಮನೆಯ ಕರೆಂಟಿಗೇ ಜೋಡಿಸಲ್ಪಟ್ಟಿರುವ ಸಂಭವವೇ ಹೆಚ್ಚು, ಆಗ ಭಾಗಗಳನ್ನೆಲ್ಲ ಕೂರಿಸಿರುವ ಚೌಕಟ್ಟಿನ, ಅಂದರೆ ಚಾಸಿಯ ಲೋಹವೇ ಷಾಕ್ ಹೊಡೆಯಬಹುದು. ನಿನ್ನದು ಇ ಸಾಲಿನದ್ದೆಂದು ಕಾಣುತ್ತದೆ, ಆದರೂ ಎಲ್ಲ ವಾಲ್ವ್‌ಗಳನ್ನೂ ಓದಿ ನನಗೆ ಬರೆದು ಕಳಿಸು.

ಹಾಗಾದರೆ ಮೊದಲು ಏನು ಮಾಡಬೇಕು? ಕರೆಂಟಿನ ಗೊಡವೆಯೇ ಇಲ್ಲದ ಕೆಲಸ ಬೇಕಾದಷ್ಟಿದೆ, ಕಲಿಯುವವನಿಗೆ ಅದೇ ತಕ್ಕದ್ದು. ಟರ್ನ್‌ಟೇಬಲ್‌ನಿಂದ ಶುರುಮಾಡು. ಪ್ಲೇಟನ್ನು ತಾನಾಗಿಯೇ ಬದಲಾಯಿಸುವ ಇಂಥ ಚೇಂಜರುಗಳು ಹಾಡದಿರುವುದಕ್ಕೆ ಹೆಚ್ಚಿನ ಸಲ ಮೋಟಾರು ಕಾರಣವಲ್ಲ. ಹಳೆಯ ಗ್ರೀಸು ಹಲಸಿನ ಮೇಣದಂತೆ ಗಟ್ಟಿಯಾಗಿ ಒಳಗಿನ ಸನ್ನೆಕೋಲುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ. ಒಂದೊಂದು ಭಾಗವನ್ನು ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸ ಗ್ರೀಸನ್ನು ಸವರಿದಷ್ಟೇ ಹಚ್ಚು. ಮೋಟಾರಿನ ಬೇರಿಂಗಿಗೆ ಹೊಲಿಗೆ ಮೆಷೀನಿನ ಎಣ್ಣೆ ಒಂದು ಹನಿ ಸಾಕು. ನಮ್ಮವರು ಕೀಲು ಕಿರುಗುಟ್ಟಿದರೂ ಬೀಗ ಬಿಗಿಯಾದರೂ ತೆಂಗಿನೆಣ್ಣೆಯನ್ನೇ ಹುಡುಕುತ್ತಾರೆ. ಇಲ್ಲಿ ಅದು ಕೂಡದು, ಅದು ಕ್ರಮೇಣ ಅಂಟಾಗುತ್ತದೆ. ಮೋಟಾರಿಗೂ ತಟ್ಟೆಯ ಒಳಅಂಚಿಗೂ ನಡುವೆ ನಿಂತು ತಿರುಗಿಸುವ ರಬ್ಬರಿನ ಚಕ್ರಕ್ಕೆ ಎಣ್ಣೆ ತಾಗಲೇಬಾರದು. ವರ್ಷಾನುಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಆ ಚಕ್ರದಲ್ಲಿ ಚಪ್ಪಟೆಯಾದ ಜಾಗವಿರುತ್ತದೆ, ಆಗ ಹಾಡಿನ ಅಡಿಯಲ್ಲಿ ದಡ್ ದಡ್ ಎಂಬ ಸದ್ದು ಕೇಳುತ್ತದೆ.

ಆಲ್ಕೊಹಾಲಿನ ಬಾಟಲಿಯನ್ನು ಮಾತ್ರ ಜೋಪಾನವಾಗಿಡು. ಅದು ಗ್ರೀಸನ್ನು ತೆಗೆಯುವಷ್ಟೇ ಸಲೀಸಾಗಿ ಅರಗಿನ ಪಾಲಿಶನ್ನೂ ಅರಗಿನಿಂದಲೇ ಮಾಡಿದ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78ರ ಪ್ಲೇಟುಗಳನ್ನೂ ಕರಗಿಸುತ್ತದೆ. ಡಯಲಿನ ಗಾಜಿನ ಹಿಂಬದಿಯ ಅಕ್ಷರಗಳನ್ನಂತೂ ಒದ್ದೆ ಬಟ್ಟೆಯಿಂದಲೂ ಮುಟ್ಟಬೇಡ; ಒಮ್ಮೆ ಅಳಿಸಿಹೋದರೆ ಆ ಊರುಗಳ ಹೆಸರು ಮತ್ತೆ ಬರುವುದಿಲ್ಲ. ಪೆಟ್ಟಿಗೆಯನ್ನು ಬಿಸಿಲಿಗೂ ಇಡಬೇಡ, ಮೇಲಿನ ತೆಳು ಹಲಗೆ ಎದ್ದುಬಿಡುತ್ತದೆ. ಫ್ಯಾನಿನ ಗಾಳಿ ಸಾಕು. ಕುಟ್ಟೆ ಹುಳುವಿನ ತೂತುಗಳಿದ್ದರೆ ಪಾಲಿಶಿಗೆ ಮುಂಚೆ ಆಚಾರಿಯವರಿಗೆ ತೋರಿಸು.

ಇನ್ನು ಕಂಡೆನ್ಸರ್ ಬದಲಾಯಿಸುವ ಕೆಲಸ. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ 250ರಿಂದ 300 ವೋಲ್ಟಿನವರೆಗೆ ಉಳಿದಿರಬಹುದು. ನಿನ್ನ ಸೆಟ್ಟಿಗೆ ಬಹಳ ಕಾಲದಿಂದ ಕರೆಂಟು ಇಲ್ಲವಾದ್ದರಿಂದ ಈಗ ಖಾಲಿಯಿರುತ್ತದೆ, ಆದರೆ ಒಮ್ಮೆ ಆನ್ ಮಾಡಿದ ನಂತರ ಪ್ರತಿಸಲವೂ ರೆಸಿಸ್ಟರ್ ತಗುಲಿಸಿ ಖಾಲಿಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡಮೇಲೆಯೇ ಕೈ ಇಡಬೇಕು. ಹೊಸ ಕಂಡೆನ್ಸರಿನ ವೋಲ್ಟೇಜು ಹಳೆಯದಕ್ಕಿಂತ ಕಡಿಮೆಯಿರಬಾರದು, ಹೆಚ್ಚಿದ್ದರೆ ತೊಂದರೆಯಿಲ್ಲ. 50 ಮೈಕ್ರೊಫ್ಯಾರಡ್ ಸಿಗದಿದ್ದರೆ 47 ನಡೆಯುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿಸೋಣ. ಒಂದನ್ನು ಬಿಚ್ಚಿ, ಅದೇ ಜಾಗಕ್ಕೆ ಹೊಸದನ್ನು ಬೆಸೆದು, ಆಮೇಲೆ ಮುಂದಿನದಕ್ಕೆ ಹೋಗು. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಯಾವುದು ಎಲ್ಲಿಯದೆಂದು ತಿಳಿಯದೆ ತಲೆ ಕೆಡುತ್ತದೆ. ಬೆಸುಗೆ ಗೊತ್ತಿಲ್ಲದಿದ್ದರೆ ಮೊದಲು ಕೆಟ್ಟ ಚಾರ್ಜರೊಂದರ ಮೇಲೆ ಕೈ ಕುದುರಿಸಿಕೋ.

ಮೊದಲ ಸಲ ಕರೆಂಟು ಕೊಡುವಾಗ ಸೆಟ್ಟಿನೊಂದಿಗೆ ಸಾಲಾಗಿ (ಸೀರೀಸಿನಲ್ಲಿ) ಹಳೆಯ ಕಾಲದ 60 ಅಥವಾ 100 ವಾಟಿನ ಫಿಲಮೆಂಟ್ ಬಲ್ಬು ಜೋಡಿಸಬೇಕು, ಎಲ್‌ಇಡಿ ಬಲ್ಬು ಉಪಯೋಗಕ್ಕಿಲ್ಲ. ಬಲ್ಬು ಮೊದಲು ಉರಿದು ಆಮೇಲೆ ಮಂಕಾದರೆ ಒಳ್ಳೆಯ ಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಷಾರ್ಟ್ ಇದೆ, ಕೂಡಲೇ ಆಫ್ ಮಾಡಬೇಕು. ಹಿಂಭಾಗದ ವೋಲ್ಟೇಜು ಸ್ವಿಚ್ಚಿನಲ್ಲಿ 240 ಇದ್ದರೆ ಅಲ್ಲಿಗೇ ತಿರುಗಿಸಿಡು, 110ರಲ್ಲಿ ಬಿಟ್ಟಿದ್ದರೆ ಕಥೆ ಮುಗಿಯಿತು. ಸ್ಪೀಕರಿನ ವಯರು ಬಿಚ್ಚಿಟ್ಟು ವಾಲ್ವ್ ಸೆಟ್ಟನ್ನು ಎಂದಿಗೂ ನಡೆಸಬಾರದು, ಅದರಿಂದಲೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ರಾಜಣ್ಣ ಅಮೆರಿಕದಿಂದ ಇನ್ನೊಂದು ಹಳೆಯ ಸ್ಟೀರಿಯೊ ಕಳಿಸಲೇ ಎಂದು ಕೇಳಿದ್ದಾರೆ. ದಯವಿಟ್ಟು ಬೇಡ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಇಳಿಸಬಹುದು, ಆದರೆ ಅಲ್ಲಿನ ಕರೆಂಟಿನ ಆವರ್ತನ 60 ಹರ್ಟ್ಸ್, ಇಲ್ಲಿ 50 ಆಗಿರುವುದರಿಂದ ಮೋಟಾರು ನಿಧಾನವಾಗಿ ತಿರುಗಿ, 33ರ ಪ್ಲೇಟು ಸುಮಾರು 28ರ ವೇಗದಲ್ಲಿ ಹಾಡುತ್ತದೆ.

ರೇಡಿಯೊ ಬಗ್ಗೆ ಆಸೆ ಸ್ವಲ್ಪ ಕಡಿಮೆಯಿರಲಿ. ಯುರೋಪಿನ ಹಳೆಯ ಎಫ್‌ಎಂ ಡಯಲುಗಳು 100 ಅಥವಾ 104 ಮೆಗಾಹರ್ಟ್ಸಿಗೆ ಮುಗಿಯುವುದೇ ಹೆಚ್ಚು, ಹಾಗಾಗಿ 107.8ರ ಮಂಗಳೂರಿನ ರೇಡಿಯೊ ಸಾರಂಗ್ ಅದರಲ್ಲಿ ಸಿಗುವುದಿಲ್ಲ. ಸೂಜಿಯ ವಿಚಾರವೂ ಇದೆ: 78ರ ಪ್ಲೇಟಿಗೂ ಎಲ್‌ಪಿಗೂ ಬೇರೆಬೇರೆ ದಪ್ಪದ ಸೂಜಿ ಬೇಕು, ಆದ್ದರಿಂದ ಸೂಜಿ ಕೂರುವ ಪಿಕಪ್ಪಿನ ಮೇಲಿರುವ ನಂಬರನ್ನೂ ನೋಡಿಕೋ.

ಸದ್ಯಕ್ಕೆ ಪ್ಲಗ್ಗಿನ ತುದಿಗೆ ಇನ್ಸುಲೇಷನ್ ಟೇಪು ಸುತ್ತಿಡು, ಮಕ್ಕಳು ಹಾಕಿಬಿಟ್ಟಾರು. ವಾಲ್ವ್‌ಗಳ ಹೆಸರು, ಪಿಕಪ್ಪಿನ ನಂಬರು, ಬೆಳಕಿನಲ್ಲಿ ತೆಗೆದ ಚಾಸಿಯ ಅಡಿಭಾಗದ ಫೋಟೊ, ಇಷ್ಟನ್ನು ಕಳಿಸು. ಕಂಡೆನ್ಸರುಗಳ ಪಟ್ಟಿಯನ್ನು ನಾನು ಮಾಡಿಕೊಡುತ್ತೇನೆ. ಬಲ್ಬು ಜೋಡಿಸುವ ದಿನ ಮಂಗಳೂರಿನಿಂದ ನಾನೇ ಬರುತ್ತೇನೆ, ಆ ಕೆಲಸವನ್ನು ಒಬ್ಬನೇ ಮಾಡಬೇಡ.