‘ಪರ್ವೇ’ಗೆ ಕನ್ನಡದಲ್ಲಿ ಏನನ್ನೋಣ?

ಮುಂಬಯಿಯ ಮಾಟುಂಗದಲ್ಲಿ ಮದುವೆ ಹಾಲ್‌ಗಳಿಗೆ ಬಾಳೆಎಲೆ ಕೊಡುವ ಅಣ್ಣ ಒಬ್ಬರು ನಮಗೆ ಪರಿಚಯ. ಉಡುಪಿ ಕಡೆಯವರು. ಮಗ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದಾನೆ. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ‘ಪರ್ವೇಯರ್ಸ್’ (purveyors) ಅಂತ ಇದೆ. ಪರ್ವೇ ಮಾಡುವವರು, ಅಂದರೆ ಸರಕು ತಂದುಕೊಡುವವರು. ಹಿಂಬದಿಗೆ ಕನ್ನಡ ಬೇಕಂತೆ. “ಇದು ಮರಾಠಿಯ ಪುರವಠಾ ಅಲ್ವಾ ಮಾರಾಯ್ರೆ? ಇಂಗ್ಲಿಷರು ಇಲ್ಲಿಂದಲೇ ಎತ್ತಿಕೊಂಡದ್ದು” ಎಂದರು.

ನನಗೂ ಒಂದು ಗಳಿಗೆ ಹೌದೆನಿಸಿತು. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಆದರೆ ನಂಟಿಲ್ಲ. ಪುರವಠಾ, ನಮ್ಮ ಪೂರೈಸು, ಪೇಪರಿನ ಪುರವಣಿ ಎಲ್ಲ ‘ತುಂಬು’ ಅನ್ನುವ ಸಂಸ್ಕೃತ ಬೇರಿನವು. ಪರ್ವೇ ಬಂದದ್ದು ಲ್ಯಾಟಿನ್ನಿನ ‘ಪ್ರೊವಿದೇರೆ’ಯಿಂದ, ಹಳೆ ಫ್ರೆಂಚಿನ ದಾರಿ ಹಿಡಿದು. ಅಂದರೆ ಮುಂದಾಗಿ ನೋಡುವುದು. ಪ್ರೊವೈಡ್ ಕೂಡ ಅದೇ ಪದ, ನೇರವಾಗಿ ಬಂದದ್ದು ಅಷ್ಟೆ. ನಮ್ಮ ಜಮೀನಿನ ‘ಸರ್ವೆ’ಯೂ ಇವಕ್ಕೆ ದಾಯಾದಿ: ಅದು ಮೇಲಿಂದ ನೋಡುವುದು!

ಇಂಗ್ಲೆಂಡಿನಲ್ಲಿ ಈ ಪರ್ವೇಗೆ ಕೆಟ್ಟ ಹೆಸರೂ ಇತ್ತು. ಅರಮನೆಯ ಆಳುಗಳು ರಾಜನ ಹೆಸರು ಹೇಳಿ ಕಮ್ಮಿ ಬೆಲೆಗೆ ದವಸ ಎತ್ತಿಕೊಂಡು ಹೋಗುತ್ತಿದ್ದರು. 1660ರಲ್ಲಿ ಪಾರ್ಲಿಮೆಂಟು ಆ ಹಕ್ಕನ್ನು ತೆಗೆದುಹಾಕಿತು. ಈಗ ಸುಮ್ನೆ ಗತ್ತಿನ ಪದ, ಅಂಗಡಿ ಬೋರ್ಡಿಗೆ ಒಪ್ಪುತ್ತದೆ.

ಸರಕಿನ ಮಾತಿಗೆ ನನಗೆ ‘ಒದಗಿಸು’ ಇಷ್ಟ. ಸರಬರಾಜು ಅಂದರೆ ಟೆಂಡರಿನ ವಾಸನೆ. ‘ಬಾಳೆಎಲೆ ಒದಗಿಸುವವರು’ ಅಂತ ಬರೆದುಕೊಟ್ಟೆ. ಅಣ್ಣ ಓದಿ, “ಹೊತ್ತಿಗೆ ಸರಿಯಾಗಿ ಅಂತ ಸೇರಿಸಿ” ಎಂದರು. ಪಂಕ್ತಿ ಕೂತ ಮೇಲೆ ಎಲೆ ಬಂದರೆ ಅದು ಒದಗಿದ ಹಾಗೇ ಅಲ್ಲ, ಆ ಮಾತು ಪದದೊಳಗೇ ಇದೆ ಅಂದೆ. ಅವರು ಒಪ್ಪಲಿಲ್ಲ. ಸೇರಿಸಿದೆ.

ನನ್ನ ತೊಡಕು ಇನ್ನೊಂದು ಬಳಕೆಯದು. ಇಂಗ್ಲಿಷಿನಲ್ಲಿ ಸುಳ್ಳನ್ನೂ, ಗಾಳಿಸುದ್ದಿಯನ್ನೂ, ಯಾವುದೋ ವಾದವನ್ನೂ ಪರ್ವೇ ಮಾಡುತ್ತಾರೆ. ಕನ್ನಡಕ್ಕೆ ತರುವಾಗ ಕೈ ತಾನಾಗಿ ‘ಹರಡು’ ಅಂತ ಬರೆದುಬಿಡುತ್ತದೆ. ಹರಡುವುದಕ್ಕೆ ಅಂಗಡಿ ಬೇಡ, ಜ್ವರವೂ ಹರಡುತ್ತದೆ. ಪರ್ವೇ ಅಂದಾಗ ಒಬ್ಬ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾನೆ. ಗಿರಾಕಿ ಕೇಳಿದ್ದನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದಾನೆ. ‘ಸುಳ್ಳಿನ ವ್ಯಾಪಾರಿ’ ಅಂದರೆ ಆಳು ಸಿಕ್ಕಿದ, ಕ್ರಿಯಾಪದ ಸಿಗಲಿಲ್ಲ. ‘ಉಣಬಡಿಸು’ ಸ್ವಲ್ಪ ಹತ್ತಿರ, ಆದರೆ ಅದರಲ್ಲಿ ಅಮ್ಮನ ಕೈ ಜಾಸ್ತಿ. ‘ಬಿತ್ತು’ ಅಂದರೆ ಹೊಲದ ಕೆಲಸ ಆಗಿಬಿಡುತ್ತದೆ. ನಿಮ್ಮ ಊರ ಕಡೆ ಇದಕ್ಕೆ ಬೇರೆ ಮಾತಿದೆಯಾ?