ಅಪ್‌ಡೇಟ್: ಮನೆಯ ಬಿಯರ್ ಬಾಟಲಿಗೆ ಇಳಿಯಿತು

ಸಿಯಾಟಲ್‌ನ ನಮ್ಮ ಗ್ಯಾರೇಜಿನಲ್ಲಿ ತಯಾರಾದ 19 ಲೀಟರ್ ಪೇಲ್ ಏಲ್ (ತಿಳಿಬಣ್ಣದ ಒಂದು ಬಗೆಯ ಬಿಯರ್) ಅನ್ನು ಬಾಟಲಿಗೆ ತುಂಬುವಾಗ, ಒಳಗೆ ಅನಿಲ ಹುಟ್ಟಿ ನೊರೆ ಬರಲು ಸಕ್ಕರೆ ಎಷ್ಟು ಹಾಕಬೇಕು, ಬಾಟಲಿ ಸಿಡಿಯುವ ಭಯವಿದೆಯೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ನೀವು ಹೇಳಿದಂತೆ ಕೆಲವು ದಿನ ಬಿಟ್ಟು ಮತ್ತೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಇಳಿಬಿಟ್ಟೆ. ಹಿಂದಿನ ಅಳತೆ 1.012 ಕದಲಿರಲಿಲ್ಲ. ಹುದುಗುವಿಕೆ ಮುಗಿದಿದೆ ಎಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಕೈಹಾಕಿದೆ. 115 ಗ್ರಾಂ ಮೆಕ್ಕೆಜೋಳದ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಬಕೆಟ್ಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಸದ್ದಿಲ್ಲದೆ ಹರಿಯಬಿಟ್ಟೆ. ಗುಳ್ಳೆ ಎದ್ದರೆ ಆಮ್ಲಜನಕ ಸೇರಿ ರುಚಿ ಕೆಡುತ್ತದೆ.

ನನಗೆ ತುಂಬ ಹಿಡಿಸಿದ್ದು ತುಂಬುವ ಕೊಳವೆ. ಅದರ ತುದಿ ಬಾಟಲಿಯ ತಳಕ್ಕೆ ತಾಗಿದರೆ ಮಾತ್ರ ಬಿಯರ್ ಹರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಬಾಯಿಮಟ್ಟ ತುಂಬಿಸಿ ಕೊಳವೆ ಹೊರತೆಗೆದರೆ, ಅದು ತೆರವು ಮಾಡಿದ ಜಾಗವೇ ಮುಚ್ಚಳದ ಕೆಳಗೆ ಬೇಕಾದಷ್ಟು ಖಾಲಿ ಉಳಿಸುತ್ತದೆ. ಎಂಥ ಜಾಣ ಲೆಕ್ಕ! ಬಾಟಲಿ ತೊಳೆಯುವುದು ಮಾತ್ರ ಮದುವೆಮನೆಯ ಪಾತ್ರೆ ತಿಕ್ಕಿದಂತೆ, ಮುಗಿಯುವುದೇ ಇಲ್ಲ.

ತೆಳು ಗಾಜಿನ, ತಿರುಪು ಮುಚ್ಚಳದ ಬಾಟಲಿಗಳೂ ನಡೆಯುತ್ತವೆ ಎಂದವರ ಮಾತನ್ನು ಕೇಳಲಿಲ್ಲ, ಕ್ಷಮಿಸಿ. ದಪ್ಪ ಕಂದು ಬಾಟಲಿಗಳನ್ನೇ ಬಳಸಿದೆ. ಎರಡು ವಾರ ಕೋಣೆಯ ಬಿಸಿಯಲ್ಲೇ ಇಟ್ಟೆ, ಒಂದೂ ಸಿಡಿಯಲಿಲ್ಲ. ನೊರೆ ಚೆನ್ನಾಗಿ ನಿಲ್ಲುತ್ತದೆ, ಕಹಿ ಸ್ವಲ್ಪ ಮುಂದಿದೆ. ತಳದಲ್ಲಿ ಕುಳಿತ ಯೀಸ್ಟ್ ಲೋಟಕ್ಕೆ ಬೀಳದಂತೆ ಕೊನೆಯ ಗುಟುಕನ್ನು ಬಾಟಲಿಯಲ್ಲೇ ಬಿಡುತ್ತಿದ್ದೇನೆ.